ಕನ್ನಡ ಶಾಲೆಗೆ ಬಂದ ಯಂತ್ರಗಳು

ಕೃತಕ ಬುದ್ಧಿಮತ್ತೆಯ ಕಾರ್ಯಾಗಾರಗಳಲ್ಲಿ ಈಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಸರ್ಕಾರಿ ಶಾಲೆಯ ಶಿಕ್ಷಕರಿಗೆ ತಂತ್ರಜ್ಞಾನ ಹೊಸದು. ಗಣಿತ ಶಿಕ್ಷಕನಾಗಿ, ಆಮೇಲೆ ಸಂಪನ್ಮೂಲ ವ್ಯಕ್ತಿಯಾಗಿ ಇದೇ ಕೆಲಸದಲ್ಲಿ ಬೆಳೆದ ನನಗೆ ಇದು ಒಪ್ಪಿಗೆಯಿಲ್ಲ. ನಮ್ಮ ಶಾಲೆಗಳಿಗೆ ಯಂತ್ರ ಬರತೊಡಗಿ ಅರ್ಧ ಶತಮಾನವಾಯಿತು.

1975ರಲ್ಲಿ 'ಸೈಟ್' ಪ್ರಯೋಗ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಮುಟ್ಟಿಸಿತು; ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆ ಮೀಸಲಾಗಿತ್ತು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ವರ್ಷ ತುಂಬುತ್ತಲೇ ಉಪಗ್ರಹ ಹಿಂದಕ್ಕೆ ಹೋಯಿತು. 1984ರ 'ಕ್ಲಾಸ್' ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂತು. ಮುಂದೆ ರಾಜ್ಯದ ಕಂಪ್ಯೂಟರ್ ಶಿಕ್ಷಣ ಯೋಜನೆ 'ಮಾಹಿತಿ ಸಿಂಧು', 2004ರ ಶೈಕ್ಷಣಿಕ ಉಪಗ್ರಹ ಎಜುಸ್ಯಾಟ್. ಕಂಪ್ಯೂಟರ್ ಕಲಿಸುವುದನ್ನು ಹೊರಗಿನ ಸಂಸ್ಥೆಗೆ ಗುತ್ತಿಗೆ ಕೊಡುವ ಪದ್ಧತಿ ಆ ಕಾಲದ್ದು. ಗಣಿತದ ಮೇಷ್ಟ್ರಿಗೂ ಕಂಪ್ಯೂಟರ್ ಕೊಠಡಿಗೂ ಸಂಬಂಧವೇ ಬೆಳೆಯಲಿಲ್ಲ.

ಅದು ಬೆಳೆದದ್ದು 2011ರ ನಂತರ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಂದಿಗೆ ಶಿಕ್ಷಣ ಇಲಾಖೆ ಕಟ್ಟಿದ ವಿಷಯ ಶಿಕ್ಷಕರ ವೇದಿಕೆ ಪ್ರೌಢಶಾಲಾ ಶಿಕ್ಷಕರನ್ನು ಕೀಲಿಮಣೆಯ ಮುಂದೆ ತಾವೇ ಕೂರುವಂತೆ ಮಾಡಿತು. ಉಬುಂಟು, ಜಿಯೋಜೀಬ್ರಾದಂಥ ಮುಕ್ತ ತಂತ್ರಾಂಶ. ಇಮೇಲ್ ಗುಂಪಿನಲ್ಲಿ ಒಬ್ಬರ ಪ್ರಶ್ನೆಗೆ ಇನ್ನೊಂದು ಜಿಲ್ಲೆಯವರ ಉತ್ತರ. ಶಿಕ್ಷಕರೇ ಬರೆದು ತುಂಬಿಸಿದ ಮುಕ್ತ ಸಂಪನ್ಮೂಲಗಳ ಕನ್ನಡ ವಿಕಿ. ಜಿಯೋಜೀಬ್ರಾದಲ್ಲಿ ತ್ರಿಭುಜದ ಒಂದು ಶೃಂಗವನ್ನು ಎಳೆದಂತೆಲ್ಲ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. "ಸಾರ್, ತುದೀನ ಕೆಳಗಿನ ಗೆರೆ ಮೇಲೇ ಇಟ್ಟರೆ?" ಎಂದು ಒಂಬತ್ತನೇ ತರಗತಿಯ ಹುಡುಗಿ ಕೇಳಿದ ದಿನ ಪಾಠ ಅಲ್ಲಿಂದಲೇ ಮುಂದುವರಿಯಿತು. ಶಿಕ್ಷಕ ತನ್ನ ಪಾಠಕ್ಕೆ ಬೇಕಾದ್ದನ್ನು ತಾನೇ ಮಾಡಿಕೊಂಡ ಆ ವರ್ಷಗಳೇ, ನನ್ನ ಮಟ್ಟಿಗೆ, ಈ ಚರಿತ್ರೆಯ ಅತ್ಯುತ್ತಮ ಘಟ್ಟ. ಈಗಿನ ವರದಿಗಳಲ್ಲಿ ಅದರ ಹೆಸರೂ ಕಾಣುವುದಿಲ್ಲ.

2017ರಲ್ಲಿ ಬಂದ ಡಿಜಿಟಲ್ ಪಾಠಗಳ ತಾಣ 'ದೀಕ್ಷಾ' ಮತ್ತು ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳು ಶಿಕ್ಷಕರನ್ನು ಮತ್ತೆ ನೋಡುಗರನ್ನಾಗಿಸಿದವು. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯ 'ಸಂವೇದ' ಪಾಠಗಳು ನೆರವಾದವು, ನಿಜ. ಆದರೆ ಜಗಲಿ, ಗುಡಿ, ಮರದ ನೆರಳಿಗೆ ಶಿಕ್ಷಕರೇ ಹೋಗಿ ಕಲಿಸಿದ 'ವಿದ್ಯಾಗಮ'ಕ್ಕೆ ಯಾವ ಪರದೆಯೂ ಸಾಟಿಯಾಗಲಿಲ್ಲ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಮರುವರ್ಷವೇ ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ಪಾಠಯೋಜನೆ ಬರೆದುಕೊಡುವ ಸಾಧನವನ್ನು ಕರ್ನಾಟಕದ ಶಾಲೆಗಳಲ್ಲಿ ಪ್ರಯೋಗಕ್ಕಿಟ್ಟವು. ಬಿಸಿಯೂಟದ ಲೆಕ್ಕದಿಂದ ಹಿಡಿದು ದಾಖಲೆಗಳವರೆಗೆ ಎಲ್ಲವನ್ನೂ ಬರೆಯುವ ಶಿಕ್ಷಕರಿಗೆ ಅದರಿಂದ ಉಳಿಯುವ ಸಮಯ ಸಣ್ಣದಲ್ಲ. ಉಳಿದ ಸಮಯ ಮಕ್ಕಳಿಗೆ ಸಲ್ಲಬೇಕು, ಇನ್ನೊಂದು ದಾಖಲೆಗಲ್ಲ.

ಮೇಷ್ಟ್ರೊಬ್ಬರು ಇಂಥದೇ ಒಂದು ಯಂತ್ರದಿಂದ ಅಭ್ಯಾಸ ಪ್ರಶ್ನೆಗಳನ್ನು ಬರೆಸಿದ್ದರು. ಒಂದರಲ್ಲಿ 3, 4, 8 ಸೆಂ.ಮೀ. ಬಾಹುಗಳ ತ್ರಿಭುಜ ರಚಿಸಬೇಕಿತ್ತು. ಅವರು ಅದನ್ನು ಅಳಿಸದೆ ಮಕ್ಕಳಿಗೇ ಕೊಟ್ಟರು. ಕೈವಾರದಿಂದ ಎಳೆದ ಕಂಸಗಳು ಎಲ್ಲಿಯೂ ಕೂಡಲಿಲ್ಲ. ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚಿರಲೇಬೇಕೆಂದು ಮಕ್ಕಳೇ ಕಂಡುಕೊಂಡರು. ತಪ್ಪನ್ನು ಮೊದಲು ಗುರುತಿಸಿದ್ದು ವಿಷಯ ಬಲ್ಲ ಮೇಷ್ಟ್ರು. ವಿಷಯಜ್ಞಾನ ಗಟ್ಟಿಯಿಲ್ಲದ ಕಡೆ ಆ ಪ್ರಶ್ನೆ ಹಾಗೇ ಪರೀಕ್ಷೆಗೂ ಹೋಗಬಹುದಿತ್ತು.

ಮಕ್ಕಳು ಇಂಥ ಯಂತ್ರದೊಂದಿಗೆ ತಾವಾಗಿ ಮಾತಾಡಲು ಕನಿಷ್ಠ 13 ವರ್ಷವಾಗಿರಬೇಕೆಂದು ಯುನೆಸ್ಕೋ 2023ರ ಮಾರ್ಗಸೂಚಿಯಲ್ಲಿ ಸೂಚಿಸಿದೆ. ನಮ್ಮಲ್ಲಿ ಇದರ ಚರ್ಚೆ ಶಾಲಾಭಿವೃದ್ಧಿ ಸಮಿತಿಗಳವರೆಗೆ ಬಂದಿಲ್ಲ. ಅಂಥ ಚರ್ಚೆಗೆ ನೆಲೆಯಾಗಿ, ಹಿಂದಿನ ಯೋಜನೆಗಳಿಂದ ಏನು ಕಲಿತೆವು ಎಂಬುದನ್ನು ಶಿಕ್ಷಕರ ಬಾಯಿಂದ ಕೇಳಿ ಬರೆದ ಪುಸ್ತಕ ನಮ್ಮ ತರಬೇತಿ ಕೇಂದ್ರಗಳ ಕಪಾಟಿನಲ್ಲಿ ಇರಬೇಕಿತ್ತು.

ಇಲಾಖೆಯ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಹೊಸ ಸಾಧನದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಿಷಯ ಶಿಕ್ಷಕರ ವೇದಿಕೆಗಳಿಗೆ ಮತ್ತೆ ಜೀವ ಕೊಡಿ, ಆ ಸಾಧನವನ್ನು ಅವರ ಕೈಗಿತ್ತು ಒಂದು ಶೈಕ್ಷಣಿಕ ವರ್ಷ ಪರೀಕ್ಷಿಸಲು ಬಿಡಿ.