ಅಂಜನವೂ ಶಲಾಕೆಯೂ

ಕಾಳಿದಾಸನ ರಘುವಂಶವನ್ನು ಓದಿರುವವರಿಗೆ ಅದರ ಏಳನೆಯ ಸರ್ಗದ ಒಂದು ಸಂದರ್ಭವು ನೆನಪಿರಬಹುದು. ಸ್ವಯಂವರದಲ್ಲಿ ಇಂದುಮತಿಯ ಕೈಹಿಡಿಯುವ ಭಾಗ್ಯವನ್ನು ಪಡೆದ ಅಜನು ರಾಜಬೀದಿಯಲ್ಲಿ ಬರುತ್ತಿದ್ದಾನೆ. ಆ ಸಂಭ್ರಮವನ್ನು ನೋಡಬೇಕೆಂದು ಪುರಸ್ತ್ರೀಯರು ಕೈಗೆತ್ತಿಕೊಂಡಿದ್ದ ಕೆಲಸವನ್ನು ಹಾಗೆ ಹಾಗೆಯೇ ಬಿಟ್ಟು ಕಿಟಕಿಗಳ ಬಳಿಗೆ ಓಡುತ್ತಾರೆ. ಅವರಲ್ಲಿ ಒಬ್ಬಳು ಆಗತಾನೆ ಕಾಡಿಗೆ ತೀಡಿಕೊಳ್ಳುತ್ತಿದ್ದಳು. ಬಲಗಣ್ಣಿನ ಕೆಲಸ ಮುಗಿದಿತ್ತು. ಎಡಗಣ್ಣು ಇನ್ನೂ ಬರಿದಾಗಿಯೇ ಇತ್ತು. ಅವಳು ಅಂಜನದ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕಿಟಕಿಗೆ ಓಡಿದಳಂತೆ.

ಓದುವವರು ನಕ್ಕು ಮುಂದಕ್ಕೆ ಹೋಗಬಹುದು. ಆದರೆ ವ್ಯಾಖ್ಯಾನಕಾರನಾದ ಮಲ್ಲಿನಾಥನು ಹಾಗೆ ಬಿಡುವವನಲ್ಲ. ಕವಿಯು ‘ಬಲಗಣ್ಣು’ ಎಂದೇಕೆ ಹೇಳಿದನೆಂದು ಅವನು ವಿಚಾರಿಸುತ್ತಾನೆ. ಮನುಷ್ಯರು ಮೊದಲು ಎಡಗಣ್ಣಿಗೆ ಅಂಜನವನ್ನು ಹಚ್ಚಿಕೊಳ್ಳುತ್ತಾರೆಂದು ಶ್ರುತಿಯೇ ಹೇಳುತ್ತದೆ. ಈಕೆ ಬಲಗಣ್ಣಿನಿಂದ ಆರಂಭಿಸಿದಳೆಂದರೆ ಗಡಿಬಿಡಿಯಲ್ಲಿ ಕ್ರಮ ತಪ್ಪಿದಳೆಂದೇ ಅರ್ಥ, ಎಂದು ಅವನ ತೀರ್ಮಾನ. ಕಣ್ಣಿಗೆ ಕಪ್ಪು ಹಚ್ಚುವುದರಲ್ಲಿ ಯಾವ ಕಣ್ಣು ಮೊದಲು ಎಂಬುದಕ್ಕೆ ವೇದದ ಪ್ರಮಾಣವನ್ನು ತರಬೇಕಾಯಿತೆಂದರೆ, ವಿಷಯವು ನಾವು ಎಣಿಸುವಷ್ಟು ಹಗುರವಾದದ್ದಲ್ಲ.

ಇದೇ ವಿಚಾರವು ಶತಪಥಬ್ರಾಹ್ಮಣದಲ್ಲಿ ಸೋಮಯಾಗದ ದೀಕ್ಷಾಪ್ರಕರಣದಲ್ಲಿ ಬರುತ್ತದೆ. ದೀಕ್ಷೆಯನ್ನು ಪಡೆಯುವ ಯಜಮಾನನ ಕಣ್ಣಿಗೆ ಅಂಜನವಿಡುವುದು ಅಲ್ಲಿ ಒಂದು ವಿಧಿ. ಆ ಅಂಜನವು ತ್ರಿಕಕುದ್ ಎಂಬ ಪರ್ವತದ್ದು. ಇಂದ್ರನು ವೃತ್ರನನ್ನು ಕೊಂದಾಗ ವೃತ್ರನ ಕಣ್ಣೇ ಆ ಪರ್ವತವಾಯಿತೆಂದು ಕಥೆ. ಹಚ್ಚುವುದಕ್ಕೆ ಬೆರಳಲ್ಲ, ಜೊಂಡಿನ ಕಡ್ಡಿ. ಮನುಷ್ಯರ ರೂಢಿಯಲ್ಲಿ ಎಡಗಣ್ಣು ಮೊದಲು, ದೇವತೆಗಳ ರೀತಿಯಲ್ಲಿ ಬಲಗಣ್ಣು ಮೊದಲು. ಆದುದರಿಂದ ಯಾಗದಲ್ಲಿ ಬಲಗಣ್ಣಿಗೇ ಮೊದಲು ಹಚ್ಚಬೇಕು. ಅಥರ್ವವೇದದ ನಾಲ್ಕನೆಯ ಕಾಂಡದಲ್ಲಿಯೂ ಇದೇ ಪರ್ವತದ ಅಂಜನವನ್ನು ಸ್ತುತಿಸುವ ಒಂದು ಸೂಕ್ತವಿದೆ. ವಸ್ತು ಯಾವುದು, ಉಪಕರಣ ಯಾವುದು, ಕ್ರಮ ಯಾವುದು ಎಂಬ ಮೂರು ಪ್ರಶ್ನೆಗಳೂ ಅಷ್ಟು ಹಿಂದೆಯೇ ಎದ್ದಿದ್ದವು. ಇಂದಿನ ಮಾತಿಗೆ ಈ ಮೂರೇ ಆಧಾರ.

ಕಾಲದಲ್ಲಿ ಇನ್ನೂ ಹಿಂದಕ್ಕೆ ಹೋಗಬೇಕಾದರೆ ಈಜಿಪ್ಟ್ ದೇಶಕ್ಕೆ ಹೋಗಬೇಕು. ಆ ದೇಶದ ಅತ್ಯಂತ ಹಳೆಯ ರಾಜಸ್ಮಾರಕಗಳಲ್ಲಿ ಒಂದಾದ ನಾರ್ಮೆರ್ ಎಂಬ ದೊರೆಯ ಶಿಲಾಫಲಕವು ಕ್ರಿಸ್ತಪೂರ್ವ ಸುಮಾರು 3100ರದು. ಈಗ ಕೈರೋ ನಗರದಲ್ಲಿದೆ. ಅದರ ಒಂದು ಮುಖದ ನಡುವೆ, ಎರಡು ವಿಚಿತ್ರ ಮೃಗಗಳ ಕೊರಳುಗಳು ಹೆಣೆದುಕೊಂಡಿರುವಲ್ಲಿ, ಒಂದು ದುಂಡಾದ ಗುಳಿಯಿದೆ. ಇಂತಹ ಫಲಕಗಳ ಮೂಲ ಉಪಯೋಗವು ಕಣ್ಣಿನ ಬಣ್ಣವನ್ನು ಅರೆಯುವುದು. ರಾಜನ ವಿಜಯವನ್ನು ಕೆತ್ತುವುದಕ್ಕೆ ಕಾಡಿಗೆ ಅರೆಯುವ ಕಲ್ಲೇ ತಕ್ಕ ಪೀಠವೆಂದು ಆ ಜನರಿಗೆ ತೋರಿತು.

ಅವರಲ್ಲಿ ಬಣ್ಣಗಳು ಎರಡು: ತಾಮ್ರದ ಅದಿರಿನಿಂದಾದ ಹಸುರು, ಸೀಸದ ಅದಿರಿನಿಂದಾದ ಕಪ್ಪು. ಕಾಲಕ್ರಮದಲ್ಲಿ ಕಪ್ಪೇ ಮೇಲಾಯಿತು. ಬೇನಿ ಹಸನ್ ಎಂಬಲ್ಲಿ ಖ್ನುಮ್‌ಹೋಟೆಪ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆ, ಕ್ರಿಸ್ತಪೂರ್ವ ಸುಮಾರು 1890ರ ಒಂದು ಚಿತ್ರವಿದೆ. ಬಣ್ಣಬಣ್ಣದ ಉಡುಪನ್ನು ಧರಿಸಿದ ಪರದೇಶದ ಜನರು ಸಾಲಾಗಿ ಬರುತ್ತಿದ್ದಾರೆ; ಅವರು 37 ಮಂದಿ, ಕಣ್ಣಿನ ಕಪ್ಪನ್ನು ತಂದಿದ್ದಾರೆ ಎಂದು ಬರಹವು ತಿಳಿಸುತ್ತದೆ. ಅಂಜನವು ಆಗಲೇ ದೇಶದಿಂದ ದೇಶಕ್ಕೆ ಪ್ರಯಾಣಮಾಡುವ ಸರಕಾಗಿತ್ತು.

ಆದರೆ ನನಗೆ ಹೆಚ್ಚು ಸ್ವಾರಸ್ಯವಾಗಿ ಕಾಣುವುದು ಪಾತ್ರೆಯ ಚರಿತ್ರೆ. ಮೊದಲು ಅಗಲಬಾಯಿಯ ಪುಟ್ಟ ಕಲ್ಲಿನ ಭರಣಿಗಳಿದ್ದುವು. ಅನಂತರ ಕೊಳವೆಗಳು ಬಂದುವು: ಬರಿಯ ಜೊಂಡಿನವು, ಮರದವು, ದಂತದವು, ಕೊನೆಗೆ ತಾಳೆಯ ಕಂಬದ ಆಕಾರದ ಗಾಜಿನವು. ಅಗಲಬಾಯಿಯ ಪಾತ್ರೆಯಲ್ಲಿ ಬೆರಳು ಹೋಗುತ್ತದೆ, ಧೂಳು ಬೀಳುತ್ತದೆ, ಕೈತಪ್ಪಿದರೆ ಎಲ್ಲವೂ ಚೆಲ್ಲುತ್ತದೆ. ಕಿರಿದಾದ ಕೊಳವೆಯಲ್ಲಿ ಕಡ್ಡಿಗೆ ಮಾತ್ರ ಪ್ರವೇಶ. ಹೊರಗೆ ತೆಗೆಯುವಾಗ ಅಂಚಿಗೆ ಒಮ್ಮೆ ಸವರಿದರೆ ಹೆಚ್ಚಾದದ್ದು ಒಳಗೇ ಉಳಿಯುತ್ತದೆ.

ಸಿಂಧೂ ಕಣಿವೆಯ ಹರಪ್ಪಾ, ಮೊಹೆಂಜೊದಾರೊ ಪಟ್ಟಣಗಳ ಅವಶೇಷಗಳಲ್ಲಿಯೂ ತುದಿ ಉರುಟಾದ ತಾಮ್ರದ ಕಡ್ಡಿಗಳು ದೊರೆತಿವೆ. ವಿದ್ವಾಂಸರು ಅವನ್ನು ಅಂಜನದ ಕಡ್ಡಿಗಳೆಂದು ಗುರುತಿಸುತ್ತಾರೆ. ಆ ಜನರ ಲಿಪಿಯನ್ನು ನಾವು ಓದಲಾರೆವು. ಅವರ ಹೆಂಗಸರು ಕನ್ನಡಿಯ ಮುಂದೆ ಏನು ಮಾಡುತ್ತಿದ್ದರೆಂಬುದನ್ನು ಮಾತ್ರ ಊಹಿಸಬಲ್ಲೆವು.

ಇನ್ನು ನಮ್ಮ ವೈದ್ಯಶಾಸ್ತ್ರ. ಸೌವೀರಾಂಜನವನ್ನು ಪ್ರತಿದಿನವೂ ಹಚ್ಚಿಕೊಳ್ಳುವುದು ಕಣ್ಣಿಗೆ ಹಿತವೆಂದು ಚರಕಸಂಹಿತೆಯ ಸೂತ್ರಸ್ಥಾನವು ಹೇಳುತ್ತದೆ. ಕಣ್ಣಿನಿಂದ ನೀರನ್ನು ಹರಿಸಿ ದೋಷವನ್ನು ಹೊರಹಾಕುವ ರಸಾಂಜನವನ್ನಾದರೋ ಐದು ಅಥವಾ ಎಂಟು ರಾತ್ರಿಗಳಿಗೊಮ್ಮೆ ಬಳಸಬೇಕು. ಅಂತಹ ತೀಕ್ಷ್ಣವಾದ ಅಂಜನವನ್ನು ಹಗಲಿನಲ್ಲಿ ಹಚ್ಚಬಾರದು; ನೀರು ಸುರಿದು ದುರ್ಬಲವಾದ ಕಣ್ಣು ಸೂರ್ಯನ ಬೆಳಕನ್ನು ತಾಳಲಾರದು.

ಹಚ್ಚುವ ವಿಧಾನವನ್ನು ವಿಸ್ತರಿಸಿ ಹೇಳಿದ ಕೀರ್ತಿ ಸುಶ್ರುತಸಂಹಿತೆಯ ಉತ್ತರತಂತ್ರಕ್ಕೆ ಸಲ್ಲಬೇಕು. ಅದರ ಹದಿನೆಂಟನೆಯ ಅಧ್ಯಾಯದಲ್ಲಿ ಶಲಾಕೆಯ ಲಕ್ಷಣವನ್ನು ಕೊಟ್ಟಿದೆ. ಅದರ ಉದ್ದ ಎಂಟು ಬೆರಳಗಲ, ಈಗಿನ ಲೆಕ್ಕದಲ್ಲಿ ಸುಮಾರು 6 ಇಂಚು. ನಡುವೆ ತೆಳ್ಳಗಿರಬೇಕು, ಹಿಡಿಯಲು ಅನುಕೂಲವಾಗಿರಬೇಕು, ಎರಡು ತುದಿಗಳೂ ಹೂವಿನ ಮೊಗ್ಗಿನಂತೆ, ಬಟಾಣಿಯ ಕಾಳಿನಷ್ಟು ದುಂಡಗಿರಬೇಕು. ತಾಮ್ರ, ಕಲ್ಲು, ಮೂಳೆ ಮೊದಲಾದುವುಗಳಿಂದ ಮಾಡಬಹುದು. ಪ್ರತಿಯೊಂದು ಲಕ್ಷಣಕ್ಕೂ ಕಾರಣವನ್ನು ನಾವೇ ಕಾಣಬಹುದು: ನಡು ತೆಳ್ಳಗಿದ್ದರೆ ಬೆರಳುಗಳಿಗೆ ಹಿಡಿತ ಸಿಕ್ಕುತ್ತದೆ, ತುದಿ ಮೊಗ್ಗಿನಂತಿದ್ದರೆ ಕಣ್ಣಿಗೆ ಚುಚ್ಚುವುದಿಲ್ಲ, ಕಾಳಿನಷ್ಟೇ ಇದ್ದರೆ ಅಳತೆಗೆ ಮೀರಿ ಅಂಜನವನ್ನು ಎತ್ತುವುದಿಲ್ಲ.

ಮುಂದೆ ಕೈಯ ಚಲನೆ. ಮನಸ್ಸನ್ನು ಒಂದೆಡೆ ನಿಲ್ಲಿಸಿ ಎಡಗೈಯಿಂದ ಕಣ್ಣನ್ನು ಬಿಡಿಸಿ ಹಿಡಿಯಬೇಕು. ಬಲಗೈಯಲ್ಲಿ ಶಲಾಕೆಯನ್ನು ಹಿಡಿದು, ಮೂಗಿನ ಕಡೆಯ ಮೂಲೆಯಿಂದ ಕಡೆಗಣ್ಣಿನವರೆಗೆ ಒಯ್ದು ಹಿಂದಕ್ಕೆ ತರಬೇಕು. ರೆಪ್ಪೆಯ ಮೇಲೆ ಲೇಪಿಸತಕ್ಕದ್ದನ್ನು ಮಾತ್ರ ಬೆರಳಿನಿಂದಲೇ ಹಚ್ಚಬಹುದು. ಮೂಲೆಗಳಲ್ಲಿ ಅತಿಯಾಗಿ ತುಂಬಬಾರದು. ಬಳಲಿದವರು, ಆಗತಾನೆ ಅತ್ತವರು, ಮದ್ಯ ಕುಡಿದವರು, ಕೋಪಗೊಂಡವರು, ಹೆದರಿದವರು, ಜ್ವರದಲ್ಲಿರುವವರು ಅಂಜನವನ್ನು ಹಚ್ಚಿಕೊಳ್ಳಲೇಕೂಡದು. ಇದು ವೈದ್ಯನಿಗೆ ಹೇಳಿದ ಮಾತು ನಿಜ. ಆದರೆ ಕನ್ನಡಿಯ ಮುಂದೆ ಒಂದು ಕಣ್ಣಿನ ರೇಖೆ ದಪ್ಪವಾಗಿ, ಇನ್ನೊಂದು ಕಣ್ಣಿನದು ಕೆನ್ನೆಗೆ ಹರಡಿ, ಒರೆಸಿದಷ್ಟೂ ಕಪ್ಪಾಗುವ ಅವಸ್ಥೆಯನ್ನು ಅನುಭವಿಸಿದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಯಿಲ್ಲ.

ಅರಬ್ಬರು ಇದೇ ವಸ್ತುವನ್ನು ಕುಹ್ಲ್ ಎಂದು ಕರೆದರು. ಅತಿ ನುಣ್ಣಗಿನ ಪುಡಿ ಎಂಬ ಅರ್ಥದಿಂದ ಹೊರಟ ಆ ಮಾತು ಯೂರೋಪಿನ ರಸವಾದಿಗಳ ಬಾಯಲ್ಲಿ ಯಾವುದೇ ವಸ್ತುವಿನ ಸಾರ ಎಂದಾಗಿ, ಕೊನೆಗೆ ಆಲ್ಕೊಹಾಲ್ ಎಂದು ಮದ್ಯಸಾರಕ್ಕೆ ಹೆಸರಾಯಿತು. ಕಣ್ಣಿನ ಕಪ್ಪಿಗೂ ಸೀಸೆಯ ಮದ್ಯಕ್ಕೂ ಹೀಗೊಂದು ನಂಟು! ಮುಸಲ್ಮಾನರ ಮನೆಗಳ ಸುರ್ಮದಾನಿಯಲ್ಲಿ ಮತ್ತೊಂದು ಜಾಣ್ಮೆಯಿದೆ: ಮುಚ್ಚಳಕ್ಕೇ ಕಡ್ಡಿಯನ್ನು ಜೋಡಿಸಿರುತ್ತಾರೆ. ಮುಚ್ಚಳವನ್ನು ತೆಗೆದರೆ ಕಡ್ಡಿ ಕೈಗೆ ಬಂತು. ಹಾಕಿದರೆ ಕಡ್ಡಿ ಒಳಗೆ ಸೇರಿತು. 1957ರ ಸುಮಾರಿಗೆ ಹೆಲೆನಾ ರುಬಿನ್‌ಸ್ಟೈನ್ ಎಂಬಾಕೆಯ ಸಂಸ್ಥೆಯು ರೆಪ್ಪೆಗೂದಲಿನ ಬಣ್ಣವನ್ನು ಕೊಳವೆಯಲ್ಲಿ ಕಡ್ಡಿಯೊಡನೆ ಮಾರಲು ಹೊರಟಾಗ ಜಗತ್ತು ಅದನ್ನು ಹೊಸತೆಂದು ಕೊಂಡಾಡಿತು. ಆ ಹೊಸತಿನ ತಾತಂದಿರು ನೈಲ್ ನದಿಯ ದಡದ ಜೊಂಡಿನಲ್ಲಿ ಹುಟ್ಟಿದವರು.

ನಮ್ಮ ನಾಡಿನ ಕಾಡಿಗೆಯು ಅದಿರಿನದಲ್ಲ, ದೀಪದ್ದು. ಬಿಳಿಯ ಬಟ್ಟೆಯ ತುಂಡನ್ನು ನಂದಿಬಟ್ಟಲು ಹೂವಿನ ರಸದಲ್ಲಿಯೋ ಗರಗದ ಸೊಪ್ಪಿನ ರಸದಲ್ಲಿಯೋ ನೆನೆಸಿ, ನೆರಳಿನಲ್ಲಿ ಒಣಗಿಸಿ, ಬತ್ತಿಯಾಗಿ ಹೊಸೆದು, ಹರಳೆಣ್ಣೆಯ ಹಣತೆಯಲ್ಲಿ ಹಚ್ಚುತ್ತಾರೆ. ಎರಡು ಕಡೆ ಆಧಾರವಿಟ್ಟು ಮೇಲೆ ತಾಮ್ರದ ತಟ್ಟೆಯನ್ನು ಬೋರಲು ಹಾಕುತ್ತಾರೆ. ಬೆಳಗಾಗುವಷ್ಟರಲ್ಲಿ ತಟ್ಟೆಯ ಅಡಿಯಲ್ಲಿ ಮಸಿ ಕಟ್ಟಿರುತ್ತದೆ. ಅದನ್ನು ಕೆರೆದು ತುಪ್ಪದಲ್ಲಿಯೋ ಹರಳೆಣ್ಣೆಯಲ್ಲಿಯೋ ಕಲಸಿ ಪುಟ್ಟ ಡಬ್ಬಿಯಲ್ಲಿ ತುಂಬಿಡುತ್ತಾರೆ. ಈ ಕಲಸುವುದರಲ್ಲಿಯೇ ಹದವಿದೆ. ಮಸಿ ಒಣಗಿದ್ದರೆ ಕೆನ್ನೆಗೆ ಉದುರುತ್ತದೆ. ತುಪ್ಪ ಹೆಚ್ಚಾದರೆ ಬಿಸಿಲಿಗೆ ಕರಗಿ ಇಳಿಯುತ್ತದೆ. ಹರಳೆಣ್ಣೆಯು ಮಂದವಾದುದರಿಂದ ಹೆಚ್ಚು ಹೊತ್ತು ಹಚ್ಚಿದ ಕಡೆಯೇ ನಿಲ್ಲುತ್ತದೆ.

ಶಿಲ್ಪಿಗಳೂ ಈ ಕೆಲಸವನ್ನು ಗಮನಿಸದೆ ಇಲ್ಲ. ಖಜುರಾಹೊ ಕ್ಷೇತ್ರದ ಪಾರ್ಶ್ವನಾಥ ದೇವಾಲಯದ ಗೋಡೆಯ ಮೇಲೆ ಕಣ್ಣಿಗೆ ಅಂಜನವನ್ನು ಹಚ್ಚಿಕೊಳ್ಳುತ್ತಿರುವ ಸುರಸುಂದರಿಯ ವಿಗ್ರಹವು ಪ್ರಸಿದ್ಧವಾಗಿದೆ. ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಕಟ್ಟಿಸಿದ ಚೆನ್ನಕೇಶವನ ಗುಡಿಯಲ್ಲಿ ದರ್ಪಣಸುಂದರಿಯು ಕನ್ನಡಿಯನ್ನು ಹಿಡಿದು ನಿಂತಿದ್ದಾಳೆ. ಅಲಂಕಾರವೆಲ್ಲ ಮುಗಿದ ಮೇಲೆ, ಎಲ್ಲವೂ ಸರಿಯಾಗಿದೆಯೇ ಎಂದು ನೋಡಿಕೊಳ್ಳುವ ಕೊನೆಯ ಕ್ಷಣ ಅದು ಎಂದು ನನಗೆ ತೋರುತ್ತದೆ.

ಇಷ್ಟು ಹೊಗಳಿದ ಮೇಲೆ ಇದರ ಕೇಡನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ. ಈಜಿಪ್ಟಿನವರ ಕಪ್ಪೂ, ಸುರ್ಮವೆಂದು ಮಾರಾಟವಾಗುವ ಕಪ್ಪಿನಲ್ಲಿ ಬಹುಭಾಗವೂ ಸೀಸದ ಅದಿರು. ಫ್ರಾನ್ಸಿನ ರಸಾಯನಶಾಸ್ತ್ರಜ್ಞರು ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ಅಂಜನವನ್ನು ಪರೀಕ್ಷಿಸಿ, ಅದರಲ್ಲಿ ಬೇಕೆಂದೇ ತಯಾರಿಸಿ ಬೆರೆಸಿದ ಸೀಸದ ಲವಣಗಳಿವೆಯೆಂದು 1999ರಲ್ಲಿ ಪ್ರಕಟಿಸಿದರು. ಅತ್ಯಲ್ಪ ಪ್ರಮಾಣದ ಆ ಲವಣಗಳು ದೇಹದ ರೋಗನಿರೋಧಶಕ್ತಿಯನ್ನು ಎಚ್ಚರಿಸಿರಬಹುದೆಂದು 2010ರಲ್ಲಿ ವಾದಿಸಿದರು. ಪುರಾತನರು ಅದನ್ನು ಔಷಧವೆಂದು ನಂಬಿದ್ದಕ್ಕೆ ಇದು ಒಂದು ಕಾರಣವಾಗಬಹುದು. ನಾವು ಬಳಸುವುದಕ್ಕೆ ಅಪ್ಪಣೆಯಾಗಲಾರದು. ಸೀಸವು ವಿಷ. ಮಕ್ಕಳ ಕೈ ಕಣ್ಣಿಗೂ ಬಾಯಿಗೂ ಹೋಗುತ್ತಲೇ ಇರುತ್ತದೆ. ಅವರ ಬೆಳೆಯುವ ಮೆದುಳಿಗೆ ಆಗುವ ಹಾನಿಯನ್ನು ಮತ್ತೆ ತಿದ್ದಲಾಗುವುದಿಲ್ಲ.

ಎರಡನೆಯ ಕೇಡು ಕಡ್ಡಿಯದೂ ಬೆರಳಿನದೂ. ಟ್ರಕೋಮಾ ಎಂಬ ರೆಪ್ಪೆಯ ರೋಗವು ತಲೆಮಾರುಗಳ ಕಾಲ ನಮ್ಮ ದೇಶದಲ್ಲಿ ಅಸಂಖ್ಯಾತ ಜನರನ್ನು ಕುರುಡರನ್ನಾಗಿ ಮಾಡಿತು. ಒಂದು ಕಣ್ಣಿನ ಸ್ರಾವವು ಇನ್ನೊಂದು ಕಣ್ಣಿಗೆ ತಗಲಿದರೆ ಅದು ಅಂಟುತ್ತದೆ. ಒಂದೇ ಬೆರಳಿನಿಂದ ಮನೆಯ ಮಕ್ಕಳಿಗೆಲ್ಲ ಸಾಲಾಗಿ ಕಾಡಿಗೆ ಹಚ್ಚುವ ತಾಯಿಯು, ಒಂದೇ ಶಲಾಕೆಯನ್ನು ಹಂಚಿಕೊಳ್ಳುವ ಅಕ್ಕತಂಗಿಯರು, ಪ್ರೀತಿಯಿಂದಲೇ ರೋಗವನ್ನೂ ಹಂಚುತ್ತಿದ್ದರು. ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಸಾರಿತು. ಸಂತೋಷದ ಮಾತು, ಆದರೆ ಕಣ್ಣಿಗೆ ಅಂಟುವ ರೋಗ ಅದೊಂದೇ ಅಲ್ಲ. ಹಸುಗೂಸಿನ ಕಣ್ಣೊಳಗೆ ಕಾಡಿಗೆ ಬೇಡವೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಅಜ್ಜಿಯರಿಗೆ ಬೇಸರವಾಗಬೇಕಾಗಿಲ್ಲ: ದೃಷ್ಟಿಯ ಬೊಟ್ಟನ್ನು ದೀಪದ ಕಾಡಿಗೆಯಿಂದ ಕೆನ್ನೆಯ ಮೇಲೆ ಇಟ್ಟರೂ ದೃಷ್ಟಿ ತಗಲದು.

ಆದುದರಿಂದ ಚರಿತ್ರೆಯಿಂದ ನಮಗೆ ದೊರೆಯುವ ಉಪದೇಶವನ್ನು ಕೆಲವು ಮಾತುಗಳಲ್ಲಿ ಹೇಳಬಹುದು. ಕೈಯನ್ನು ತೊಳೆದುಕೊಳ್ಳಿ. ಕಡ್ಡಿ ನಿಮ್ಮದೇ ಆಗಿರಲಿ. ಅಂಚಿಗೆ ಸವರಿ ಹೆಚ್ಚಾದುದನ್ನು ತೆಗೆಯಿರಿ; ಸಾಲದಿದ್ದರೆ ಇನ್ನೊಮ್ಮೆ ಹಚ್ಚಬಹುದು, ಹೆಚ್ಚಾದುದನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಕಿರುಬೆರಳನ್ನು ಕೆನ್ನೆಗೆ ಊರಿದರೆ ಕೈ ನಡುಗುವುದಿಲ್ಲ. ಎಡಗೈಯಿಂದ ರೆಪ್ಪೆಯನ್ನು ಮೆಲ್ಲನೆ ಬಿಡಿಸಿ, ಒಳಗಿನಿಂದ ಹೊರಕ್ಕೆ ಎಳೆಯಿರಿ, ಮೂಲೆಯನ್ನು ತುಂಬಬೇಡಿ. ಅತ್ತ ಕಣ್ಣಿಗೆ, ನೊಂದ ಕಣ್ಣಿಗೆ ಆ ದಿನ ಬಿಡುವು ಕೊಡಿ. ಇದರಲ್ಲಿ ನನ್ನದಾದದ್ದು ಅತ್ಯಲ್ಪ, ಬಹುಭಾಗ ಸುಶ್ರುತನದು.

ಕೊನೆಗೆ ಕಾಳಿದಾಸನ ಆ ಹೆಂಗಸಿನ ಕಡೆಗೆ ಮತ್ತೊಮ್ಮೆ ನೋಡೋಣ. ಮಲ್ಲಿನಾಥನು ಅವಳ ಕ್ರಮಭಂಗವನ್ನು ಕಂಡುಹಿಡಿದನು. ನಾನು ಅವಳ ಪಕ್ಷವನ್ನು ವಹಿಸಿ ಒಂದು ಮಾತನ್ನು ಹೇಳಬಯಸುತ್ತೇನೆ. ಆ ಗಡಿಬಿಡಿಯಲ್ಲಿ ಅವಳು ಎಡಗಣ್ಣಿಗೂ ಹೇಗೋ ಏನೋ ಒಂದಿಷ್ಟು ಮೆತ್ತಿಕೊಂಡು ಓಡಬಹುದಾಗಿತ್ತು. ಅವಳು ಹಾಗೆ ಮಾಡಲಿಲ್ಲ. ಕೆಟ್ಟ ರೇಖೆಗಿಂತ ಬರಿಯ ಕಣ್ಣೇ ಲೇಸೆಂದು ಬಗೆದು, ಹಿಂದಿರುಗಿ ಬಂದು ಕೆಲಸವನ್ನು ಪೂರೈಸುವುದಕ್ಕೆಂದೇ ಕಡ್ಡಿಯನ್ನು ಕೈಯಲ್ಲಿ ಉಳಿಸಿಕೊಂಡಳು. ಮೆರವಣಿಗೆಗೆ ಹೊತ್ತಾದರೂ ಕಣ್ಣಿನ ವಿಷಯದಲ್ಲಿ ಆತುರ ಕೂಡದೆಂಬುದು ಅವಳಿಗೆ ತಿಳಿದಿತ್ತು.