ಕಂಬಳಿಹುಳುವಿನ ಒಡಲುರಿ

ಕೆಸರಿನಲ್ಲಿ ಹೂತ ಎತ್ತಿನ ಗಾಡಿಯನ್ನು ಮೇಲೆತ್ತಲು ಗಾಲಿಯ ಕೆಳಗೆ ಹಲಗೆ ಕೊಡುವುದು ನಮ್ಮ ರೈತರಿಗೆ ಗೊತ್ತಿರುವ ಉಪಾಯ. ಆ ಹಲಗೆಗಳನ್ನೇ ಒಂದಕ್ಕೊಂದು ಪೋಣಿಸಿ, ಮಾಲೆ ಮಾಡಿ, ಗಾಲಿಗಳ ಸುತ್ತ ತೊಡಿಸಿದರೆ? ಗಾಡಿ ತನ್ನ ದಾರಿಯನ್ನು ತಾನೇ ಹಾಸಿಕೊಂಡು, ದಾಟಿದ ಮೇಲೆ ತಾನೇ ಸುತ್ತಿಕೊಂಡು ಮುಂದೆ ಸಾಗುತ್ತದೆ. ನಮ್ಮಲ್ಲಿ ಜನ ‘ಚೈನ್ ಗಾಡಿ’ ಎಂದು ಕರೆಯುವ ಕ್ರಾಲರ್ ಟ್ರಾಕ್ಟರಿನ ಗುಟ್ಟು ಇಷ್ಟೇ.

ಈ ಉಪಾಯ ಹಲವರಿಗೆ ಹೊಳೆದಿತ್ತಾದರೂ ಅದನ್ನು ಹೊಲದಲ್ಲಿ ದುಡಿಯುವಂತೆ ಮಾಡಿ ಹೆಸರು ಗಳಿಸಿದವನು ಅಮೆರಿಕದ ಬೆಂಜಮಿನ್ ಹೋಲ್ಟ್. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಸುತ್ತಲಿನ ನೆಲ ಫಲವತ್ತಾದದ್ದು, ಆದರೆ ಹಿಂಜಿದ ಅರಳೆಯಂತೆ ಮೆತ್ತಗಿನದು. ಭಾರವಾದ ಉಗಿ ಟ್ರಾಕ್ಟರುಗಳು ಅಲ್ಲಿ ಹೂತುಹೋಗುತ್ತಿದ್ದವು. ಹೋಲ್ಟ್ ಮೊದಲು ಗಾಲಿಗಳನ್ನು ಅಗಲ ಮಾಡುತ್ತ ಹೋದ. ಕೊನೆಗೆ ಒಂದು ಯಂತ್ರದ ಅಗಲವೇ 46 ಅಡಿಯಾಯಿತು! ಇದು ನಡೆಯುವ ಮಾತಲ್ಲವೆಂದು ಮನಗಂಡು, 1904ರ ನವೆಂಬರ್ 24ರಂದು ಗಾಲಿಗಳನ್ನು ತೆಗೆದು ಮರದ ಹಲಗೆಗಳ ಸರಪಳಿ ತೊಡಿಸಿದ ಟ್ರಾಕ್ಟರನ್ನು ಪರೀಕ್ಷಿಸಿದ. ಅದು ಮುಳುಗದೆ ನಡೆಯಿತು. ಅದರ ತೆವಳುವ ನಡಿಗೆಯನ್ನು ಕಂಡ ಛಾಯಾಗ್ರಾಹಕನೊಬ್ಬ ‘ಕ್ಯಾಟರ್‌ಪಿಲ್ಲರ್’, ಎಂದರೆ ಕಂಬಳಿಹುಳು, ಎಂದನಂತೆ. ಆ ಹೆಸರೇ 1910ರಲ್ಲಿ ನೋಂದಾಯಿತ ವ್ಯಾಪಾರಮುದ್ರೆಯಾಯಿತು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ಎಳೆಯುತ್ತಿದ್ದ ಹೋಲ್ಟ್ ಟ್ರಾಕ್ಟರುಗಳು ಟ್ಯಾಂಕಿನ ಕಲ್ಪನೆಗೂ ಒಂದು ಪ್ರೇರಣೆಯಾದವು. 1925ರಲ್ಲಿ ಹೋಲ್ಟನ ಕಂಪನಿಯೂ ಅದರ ಪ್ರತಿಸ್ಪರ್ಧಿ ಬೆಸ್ಟ್ ಕಂಪನಿಯೂ ಒಂದಾಗಿ ಕ್ಯಾಟರ್‌ಪಿಲ್ಲರ್ ಟ್ರಾಕ್ಟರ್ ಕಂಪನಿ ಹುಟ್ಟಿತು.

ಇಷ್ಟು ಕಥೆ ಅನೇಕರಿಗೆ ಗೊತ್ತು. ಆದರೆ ಈ ಕಂಬಳಿಹುಳುವಿಗೆ ಹುಟ್ಟಿನಿಂದಲೇ ಅಂಟಿದ ಒಂದು ಕಾಯಿಲೆಯ ಕಥೆ ಅಷ್ಟಾಗಿ ಗೊತ್ತಿಲ್ಲ. ಅದು ಒಡಲುರಿ.

ಮೋಟಾರು ಕಾರು ಓಡುವಾಗ ಎದುರು ಗಾಳಿ ಬೀಸಿ ಎಂಜಿನ್ನನ್ನು ತಣಿಸುತ್ತದೆ. ಚೈನ್ ಗಾಡಿಗೆ ಆ ಭಾಗ್ಯವಿಲ್ಲ. ಅದರ ನಡಿಗೆ ಎತ್ತಿನ ನಡಿಗೆ, ದುಡಿತ ಮಾತ್ರ ಆನೆಯದು. ಬೆಳಗಿನಿಂದ ಸಂಜೆಯವರೆಗೆ ಪೂರ್ತಿ ಶಕ್ತಿ ಹಾಕಿ ಎಳೆಯಬೇಕು. ಸುತ್ತಲೂ ತಾನೇ ಎಬ್ಬಿಸಿದ ಧೂಳು. 1931ರಲ್ಲಿ ಪೆಟ್ರೋಲಿನ ಬದಲು ಡೀಸೆಲ್ ಎಂಜಿನ್ ಕೂಡಿಸಿದ ಮೇಲೆ ಇಂಧನದ ಖರ್ಚು ತಗ್ಗಿತು, ತಾಪದ ತೊಂದರೆ ಹೆಚ್ಚಿತು. ಬಿಸಿಗೆ ಎಣ್ಣೆ ಸುಟ್ಟು ಅಂಟಾಗಿ, ಪಿಸ್ಟನ್ನಿನ ಬಳೆಗಳು ತಮ್ಮ ಗಾಡಿಯಲ್ಲೇ ಕಚ್ಚಿಕೊಂಡುಬಿಡುತ್ತಿದ್ದವು. ಇದಕ್ಕೆ ಪರಿಹಾರ ಹುಡುಕಲು ಟ್ರಾಕ್ಟರು ಮಾಡುವವರು ಎಣ್ಣೆ ಮಾಡುವವರ ಬಾಗಿಲು ತಟ್ಟಬೇಕಾಯಿತು. ಕೊಳೆಯನ್ನು ಅಂಟಗೊಡದೆ ತನ್ನಲ್ಲೇ ತೇಲಿಸಿಟ್ಟುಕೊಳ್ಳುವ ಎಣ್ಣೆಗಳು 1935ರ ಸುಮಾರಿಗೆ ಮಾರುಕಟ್ಟೆಗೆ ಬಂದದ್ದು ಹೀಗೆ. ಇಂದು ನಮ್ಮ ಲಾರಿ ಬಸ್ಸುಗಳಿಗೆ ಹಾಕುವ ಎಂಜಿನ್ ಆಯಿಲ್ಲಿನ ವಂಶ ಅಲ್ಲಿಂದಲೇ ಶುರುವಾಗುತ್ತದೆ.

ಎಣ್ಣೆ ಎಷ್ಟು ಒಳ್ಳೆಯದಾದರೂ ಬಿಸಿ ಏರಿದಂತೆ ತೆಳುವಾಗುತ್ತದೆ. ತೆಳುವಾದ ಎಣ್ಣೆ ಬೇರಿಂಗಿನೊಳಗೆ ನಿಲ್ಲುವುದಿಲ್ಲ. ಲೋಹಕ್ಕೆ ಲೋಹ ತಾಗುತ್ತದೆ. ಆದ್ದರಿಂದ ನೀರಿಗೆ ರೇಡಿಯೇಟರ್ ಇರುವಂತೆ ಎಣ್ಣೆಗೂ ಒಂದು ತಣಿಸುವ ಪೆಟ್ಟಿಗೆ ಬೇಕಾಯಿತು. ಅದೇ ಆಯಿಲ್ ಕೂಲರ್. ಹಳೆಯ ಯಂತ್ರಗಳಲ್ಲಿ ಇದು ಎರಡು ಬಗೆ. ಒಂದು, ರೇಡಿಯೇಟರಿನ ಬಳಿಯೇ ಕೂತು ಫ್ಯಾನಿನ ಗಾಳಿಗೆ ಮೈಯೊಡ್ಡುವಂಥದು. ಇನ್ನೊಂದು, ತೆಳು ಕೊಳವೆಗಳ ಕಟ್ಟನ್ನು ಒಂದು ಚಿಪ್ಪಿನೊಳಗೆ ಇಟ್ಟು, ಕೊಳವೆಯ ಒಂದು ಬದಿಗೆ ಎಣ್ಣೆ, ಇನ್ನೊಂದು ಬದಿಗೆ ನೀರು ಹರಿಯುವಂತೆ ಮಾಡಿದ್ದು. ಅತ್ತೆ ಸೊಸೆಯರ ನಡುವೆ ಒಂದೇ ತಡಿಕೆ ಇದ್ದಂತೆ, ಎಣ್ಣೆ ನೀರಿನ ನಡುವೆ ಇರುವುದು ಆ ತೆಳು ಲೋಹದ ಗೋಡೆಯೊಂದೇ.

ಎರಡನೆಯ ಮಹಾಯುದ್ಧ ಈ ಯಂತ್ರಗಳನ್ನು ನಮ್ಮ ದೇಶಕ್ಕೆ ದೊಡ್ಡ ಸಂಖ್ಯೆಯಲ್ಲಿ ತಂದಿತು. ಅಸ್ಸಾಮಿನ ಲೇಡೋದಿಂದ ಬರ್ಮಾದ ಕಾಡುಬೆಟ್ಟಗಳನ್ನು ಹಾದು ಚೀನಾ ಸೇರುವ ರಸ್ತೆಯನ್ನು ಅಮೆರಿಕದ ಸೇನೆ 1942ರ ಡಿಸೆಂಬರಿನಲ್ಲಿ ಕೈಗೆತ್ತಿಕೊಂಡಿತು. 1945ರ ಜನವರಿಯಲ್ಲಿ ಲೇಡೋದಿಂದ ಹೊರಟ ಮೊದಲ ವಾಹನಸಾಲು ಫೆಬ್ರವರಿ 4ರಂದು ಕುನ್‌ಮಿಂಗ್ ತಲುಪಿತು. ಬೆಟ್ಟ ಕಡಿದು ದಾರಿ ಮಾಡಿದವರಲ್ಲಿ ಸಾವಿರಾರು ಕೂಲಿಗಳ ಜೊತೆ ಬುಲ್ಡೋಜರುಗಳೂ ಇದ್ದವು. ಯುದ್ಧ ಮುಗಿದಾಗ ಸೇನೆಯ ಹೆಚ್ಚುವರಿ ಸಾಮಗ್ರಿ ಇಲ್ಲಿಯೇ ಮಾರಾಟವಾಯಿತು.

ಆ ಹೊತ್ತಿಗೆ ನಮ್ಮ ದೇಶಕ್ಕೆ ಅನ್ನದ ಚಿಂತೆ. ಮಧ್ಯಭಾರತದ ಕಪ್ಪು ಮಣ್ಣಿನ ಲಕ್ಷಾಂತರ ಎಕರೆಯನ್ನು ‘ಕಾಂಸ್’ ಎಂಬ ಹುಲ್ಲು ಆವರಿಸಿಕೊಂಡಿತ್ತು. ಇದು ಕಬ್ಬಿನ ದಾಯಾದಿ. ಕೊಯಮತ್ತೂರಿನ ವಿಜ್ಞಾನಿಗಳು ಇದನ್ನೇ ಕಬ್ಬಿನೊಡನೆ ಕೂಡಿಸಿ ಗಟ್ಟಿ ತಳಿಗಳನ್ನು ಪಡೆದದ್ದುಂಟು. ಆದರೆ ಹೊಲಕ್ಕೆ ಹೊಕ್ಕರೆ ಇದು ಮಾರಿ. ಬೇರು ಆಳಕ್ಕೆ ಇಳಿಯುವುದರಿಂದ ಎತ್ತಿನ ನೇಗಿಲಿಗೆ ಜಗ್ಗುವುದಿಲ್ಲ. ಇದನ್ನು ಕಿತ್ತೊಗೆಯಲು ಕೇಂದ್ರ ಸರ್ಕಾರ ಸೆಂಟ್ರಲ್ ಟ್ರಾಕ್ಟರ್ ಆರ್ಗನೈಸೇಷನ್ ಎಂಬ ಸಂಸ್ಥೆಯನ್ನು ಕಟ್ಟಿತು. ಅದರ ಮೊದಲ ಬಂಡವಾಳವೇ ಯುದ್ಧದಿಂದ ಉಳಿದ ಚೈನ್ ಟ್ರಾಕ್ಟರುಗಳು. 1949ರ ಸೆಪ್ಟೆಂಬರಿನಲ್ಲಿ ವಿಶ್ವಬ್ಯಾಂಕು ಕೃಷಿ ಯಂತ್ರಗಳಿಗಾಗಿ ಭಾರತಕ್ಕೆ ಒಂದು ಕೋಟಿ ಡಾಲರ್ ಸಾಲ ಕೊಟ್ಟದ್ದೂ ಇಂಥ ನೆಲವನ್ನು ಮತ್ತೆ ಸಾಗುವಳಿಗೆ ತರುವುದಕ್ಕಾಗಿಯೇ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಕಾಂಸ್ ಬೇರನ್ನು ಕಿತ್ತರೆ ಸಾಲದು, ಅದು ಬಿಸಿಲಿಗೆ ಒಣಗಿ ಸಾಯಬೇಕು. ಆದ್ದರಿಂದ ಆಳ ಉಳುಮೆ ನಡೆಯಬೇಕಾದದ್ದು ಮಳೆಗೆ ಮುಂಚಿನ ಒಣ ತಿಂಗಳುಗಳಲ್ಲಿ. ಹುಲ್ಲಿಗೆ ಯಾವ ಬಿಸಿಲು ಸಾವೋ ಅದೇ ಬಿಸಿಲು ಎಂಜಿನ್ನಿಗೂ ಕಂಟಕ. ಮಳೆ ಬಿದ್ದರೆ ಆ ವರ್ಷದ ಕೆಲಸ ಮುಗಿದಂತೆ. ಅಂಥ ಸಮಯದಲ್ಲಿ ಆಯಿಲ್ ಕೂಲರ್ ಸೋರಿ ಟ್ರಾಕ್ಟರು ನಿಂತರೆ, ಹೊಸ ಕೂಲರ್ ಬರಬೇಕಾದದ್ದು ಸಮುದ್ರದಾಚೆಯಿಂದ ಹಡಗಿನಲ್ಲಿ. ಒಂದು ತಾಮ್ರದ ಕೊಳವೆಯ ಬಿರುಕು ಎಷ್ಟು ಎಕರೆಯ ಜೋಳ ಗೋಧಿಯನ್ನು ತಿಂದುಹಾಕಬಲ್ಲದು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಗಾಳಿಗೆ ತಣಿಯುವ ಕೂಲರ್ ಸೋರಿದರೆ ಕಣ್ಣಿಗೆ ಕಾಣುತ್ತದೆ. ಜಿನುಗಿದ ಎಣ್ಣೆಗೆ ಧೂಳು ಮೆತ್ತಿ, ಗಾಳಿ ಹೋಗುವ ಸಂದುಗಳು ಮುಚ್ಚಿ, ತಣಿಸಬೇಕಾದ ಪೆಟ್ಟಿಗೆಯೇ ಕಂಬಳಿ ಹೊದ್ದಂತಾಗುತ್ತದೆ. ನೀರಿಗೆ ತಣಿಯುವ ಕೂಲರಿನ ಸೋರಿಕೆ ಮಾತ್ರ ಕಪಟಿ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ನೀರಿಗಿಂತ ಹೆಚ್ಚು; ಆಗ ಎಣ್ಣೆ ನೀರಿಗೆ ನುಗ್ಗಿ ರೇಡಿಯೇಟರಿನಲ್ಲಿ ಕೆನೆಯಂತೆ ತೇಲುತ್ತದೆ. ಎಂಜಿನ್ ನಿಲ್ಲಿಸಿದಾಗ ಎಣ್ಣೆಯ ಒತ್ತಡ ಸೊನ್ನೆ, ಆದರೆ ಮೇಲೆ ನಿಂತ ನೀರಿನ ಭಾರ ಹಾಗೆಯೇ ಇರುತ್ತದೆ. ಆಗ ರಾತ್ರಿಯಿಡೀ ನೀರು ಎಣ್ಣೆಯ ಕಡೆಗೆ ಇಳಿಯುತ್ತದೆ. ಬೆಳಿಗ್ಗೆ ಅದನ್ನರಿಯದೆ ಚಾಲೂ ಮಾಡಿದರೆ ಎರಡೂ ಕಡೆದು ಮಜ್ಜಿಗೆಯಾಗುತ್ತದೆ. ಬೇರಿಂಗುಗಳಿಗೆ ಅದು ವಿಷ.

ಹಳೆಯ ಮೆಕ್ಯಾನಿಕ್ಕುಗಳ ಉಪಾಯ ಸರಳ. ರಾತ್ರಿ ನಿಂತ ಯಂತ್ರವನ್ನು ಚಾಲೂ ಮಾಡುವ ಮುನ್ನ ಎಣ್ಣೆ ತೊಟ್ಟಿಯ ಕೆಳಗಿನ ತಿರುಪನ್ನು ತುಸು ಸಡಿಲಿಸುವುದು. ನೀರು ಎಣ್ಣೆಗಿಂತ ಭಾರವಾದ್ದರಿಂದ ಇದ್ದರೆ ಅದೇ ಮೊದಲು ಇಳಿಯುತ್ತದೆ. ಹಾಗೆಂದು ನೀರು ಕಂಡ ಕೂಡಲೇ ಕೂಲರನ್ನೇ ದೂರಬಾರದು. ಹೆಡ್ಡಿನ ಗ್ಯಾಸ್ಕೆಟ್ಟೋ ಲೈನರಿನ ರಬ್ಬರ್ ಬಳೆಯೋ ಕೆಟ್ಟಿರಬಹುದು. ಕೂಲರನ್ನು ಬಿಚ್ಚಿ, ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಮಿತವಾದ ಒತ್ತಡದ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಗುಳ್ಳೆಗಳೇ ತೂತನ್ನು ತೋರಿಸುತ್ತವೆ. ಸೈಕಲ್ ಪಂಕ್ಚರ್ ನೋಡುವ ವಿದ್ಯೆಯೇ ಇದು.

ತೂತು ಸಿಕ್ಕರೆ ಬೆಸುಗೆ. ಕೊಳವೆ ಪೂರಾ ಸವೆದಿದ್ದರೆ ಅದರ ಎರಡೂ ತುದಿಗಳನ್ನು ಮುಚ್ಚಿಬಿಡುವುದು. ಒಂದೆರಡು ಕೊಳವೆ ಮುಚ್ಚಿದರೆ ನಷ್ಟವಿಲ್ಲ. ಬಹಳ ಮುಚ್ಚಿದರೆ ಕೂಲರ್ ಇದ್ದೂ ಇಲ್ಲದಂತೆ. ನೀರಿನ ಹಾದಿಗೆ ಹೊಕ್ಕ ಎಣ್ಣೆಯನ್ನೂ ಸೋಪಿನ ಬಿಸಿನೀರಿನಲ್ಲಿ ಹಲವು ಸಲ ತೊಳೆಯಬೇಕು, ಇಲ್ಲದಿದ್ದರೆ ರಬ್ಬರ್ ಪೈಪುಗಳು ಉಬ್ಬಿ ಮೆತ್ತಗಾಗುತ್ತವೆ. ಹಿಂದೊಮ್ಮೆ ಬೇರಿಂಗ್ ಸುಟ್ಟ ಎಂಜಿನ್ನಿನ ಕೂಲರಾಗಿದ್ದರೆ ಅದರ ಮೂಲೆಗಳಲ್ಲಿ ಲೋಹದ ಪುಡಿ ಕೂತಿರುತ್ತದೆ. ಅಂಥದನ್ನು ರಿಪೇರಿಯಾದ ಎಂಜಿನ್ನಿಗೆ ಕೂಡಿಸುವುದೆಂದರೆ ಅದನ್ನು ಮತ್ತೆ ಸುಡಲು ಬಿಟ್ಟಂತೆ.

ಕೂಲರನ್ನು ಬಿಟ್ಟು ಎಣ್ಣೆಗೆ ಅಡ್ಡದಾರಿ ಕೊಡುವವರೂ ಉಂಟು. ಮೆರವಣಿಗೆಯಲ್ಲಿ ನಾಲ್ಕು ಹೆಜ್ಜೆ ಇಡುವ ಯಂತ್ರಕ್ಕೆ ಅದು ನಡೆದೀತು. ನೇಗಿಲು ಕಟ್ಟಿ ದುಡಿಸುವ ಯಂತ್ರಕ್ಕೆ ನಡೆಯದು.

ಬಿಡಿಭಾಗಗಳಿಗೆ ಹೊರದೇಶದ ಮುಖ ನೋಡಬೇಕಾದ ಪಾಡು ನಮ್ಮ ನಾಡಿಗೂ ಒಂದು ಪಾಠ ಕಲಿಸಿತು. 1964ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಭಾರತ್ ಅರ್ತ್ ಮೂವರ್ಸ್ ಸ್ಥಾಪನೆಯಾಯಿತು. ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್.ನಲ್ಲಿ, ಜಪಾನಿನ ಕೊಮಾಟ್ಸು ಕಂಪನಿಯ ಸಹಯೋಗದಿಂದ, ಚೈನ್ ಬುಲ್ಡೋಜರುಗಳು ತಯಾರಾಗತೊಡಗಿದವು. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಯಂತ್ರ ಮಾಡುವ ಕೆಲಸ ಉಳಿಯಿತು.

ಯುದ್ಧಕಾಲದ ಆ ಟ್ರಾಕ್ಟರುಗಳನ್ನು ಅಮೆರಿಕ, ಇಂಗ್ಲೆಂಡುಗಳಲ್ಲಿ ಆಸಕ್ತರು ಜೋಪಾನವಾಗಿ ಇಟ್ಟುಕೊಂಡು ಓಡಿಸುತ್ತಾರೆ. ನಮ್ಮಲ್ಲಿ ಅಂಥ ಯಂತ್ರ ಕೆಟ್ಟು ನಿಂತರೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವುದೇ ಹೆಚ್ಚು. ಕಾಂಸ್ ಹುಲ್ಲಿನ ವಿರುದ್ಧ ದುಡಿದ ಒಂದು ಯಂತ್ರ ಎಲ್ಲಿಯಾದರೂ ಶೆಡ್ಡಿನ ಮೂಲೆಯಲ್ಲಿ ಉಳಿದಿದ್ದರೆ, ಅದು ನಾವು ಅನ್ನಕ್ಕಾಗಿ ಪಟ್ಟ ಪಾಡಿನ ಸಾಕ್ಷಿ. ಅದರ ಕೆಳಗೆ ಎಣ್ಣೆಯ ಮಡು ಕಂಡರೆ ಗುಜರಿಯವನನ್ನು ಕರೆಯುವ ಮೊದಲು ಒಬ್ಬ ಒಳ್ಳೆಯ ರೇಡಿಯೇಟರ್ ರಿಪೇರಿಯವನನ್ನು ಕರೆಸುವುದು ಲೇಸು. ಹಿಡಿದ ರೋಗ ಹಲವು ಸಲ ಒಂದು ಹನಿ ಬೆಸುಗೆಯಲ್ಲಿ ವಾಸಿಯಾಗುವಂಥದೇ ಆಗಿರುತ್ತದೆ.