ಬಂಗಾರಕ್ಕನ ಬಾಯಿ

ನಮ್ಮ ಟೀಚರ್ಸ್ ರೂಮಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಬರುವ ಮಾತು ಸಾಮಾನ್ಯವಾಗಿ ಎರಡೇ. ಒಂದು ಕೊಬ್ಬರಿ ರೇಟು, ಇನ್ನೊಂದು ಮಕ್ಕಳ ಮದುವೆ. ಒಂದು ದಿನ ಮಾತು ಹೇಗೋ ದಾರಿ ತಪ್ಪಿ ಗೊಂಬೆಗಳ ಕಡೆ ಹೊರಳಿತು. ನಮ್ಮಲ್ಲಿ ಚಿಕ್ಕವರಾದ ಟೀಚರೊಬ್ಬರು ಇಂದುಶ್ರೀಯವರ ಮಾತಾಡುವ ಗೊಂಬೆ ಡಿಂಕುವನ್ನು ನೆನೆಸಿಕೊಂಡು, ಅದರ ದನಿಯನ್ನೇ ಮಾಡಿ ತೋರಿಸಿ ನಗಿಸಿದರು. ಮತ್ತೊಬ್ಬರಿಗೆ, ಮಗ ಚಿಕ್ಕವನಿದ್ದಾಗ ಅವನ ಜೊತೆ ಕೂತು ನೋಡಿದ 'ಗಲಿ ಗಲಿ ಸಿಮ್ ಸಿಮ್' ನೆನಪಾಯಿತು. 2006ರಲ್ಲಿ ಶುರುವಾದ ಆ ಹಿಂದಿ ಕಾರ್ಯಕ್ರಮದಲ್ಲಿ ಸ್ಕೂಲ್ ಯೂನಿಫಾರ್ಮ್ ಹಾಕಿದ ಚಮ್ಕಿ ಎಂಬ ಐದು ವರ್ಷದ ಗೊಂಬೆ ಹುಡುಗಿ ಇದ್ದಳು. "ನನಗೆ ಇಷ್ಟವಾದವಳು ಬಂಗಾರಕ್ಕ" ಎಂದೆ ನಾನು. "ಅದು ಯಾವ ಚಾನೆಲ್ ಮೇಡಂ?" ಎಂದು ಕೇಳಿದರು!

ಬಂಗಾರಕ್ಕ ಯಾವ ಚಾನೆಲ್ಲಿನವಳೂ ಅಲ್ಲ. ತೊಗಲುಗೊಂಬೆಯಾಟದ ಹಾಸ್ಯಗಾರ ಕಿಳ್ಳೇಕ್ಯಾತನ ಹೆಂಡತಿ. ನಿಮ್ಮಲ್ಲಿ ಐವತ್ತು ದಾಟಿದ, ಹಳ್ಳಿಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನ ಅವಳನ್ನು ಕಂಡಿರಬಹುದು. ನನ್ನ ತವರು ತುರುವೇಕೆರೆ ತಿಪಟೂರು ರಸ್ತೆಯಿಂದ ಒಳಗಿರುವ ಒಂದು ಹಳ್ಳಿ. 1970ರ ದಶಕದ ಕೊನೆ, ನಾನಿನ್ನೂ ಪ್ರೈಮರಿ ಶಾಲೆಯವಳು. ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಗೊಂಬೆಯವರು ಬರುತ್ತಿದ್ದರು. ನಾಲ್ಕು ಗಳ ನೆಟ್ಟು, ಮೂರು ಕಡೆ ಕಂಬಳಿಯನ್ನೂ ತೆಂಗಿನ ಗರಿಯನ್ನೂ ಮರೆಮಾಡಿ, ಮುಂದೆ ಬಿಳೀ ಪಂಚೆ ಬಿಗಿದರೆ ಆಯಿತು. ನಮ್ಮಜ್ಜಿಯ ಕಾಲಕ್ಕೆ ಪಂಚೆಯ ಹಿಂದೆ ಹರಳೆಣ್ಣೆ ದೀಪ, ನಮ್ಮ ಕಾಲಕ್ಕೆ ಕರೆಂಟ್ ಬಲ್ಬು. ಅಜ್ಜಿಗೆ ಅದು ಸರಿಬರುತ್ತಿರಲಿಲ್ಲ. "ದೀಪ ಅಲುಗಾಡಿದರೆ ಗೊಂಬೆ ಉಸಿರಾಡ್ತಿತ್ತು ಕಣೆ, ಈ ಬಲ್ಬಿಗೆ ಉಸಿರೇ ಇಲ್ಲ" ಎನ್ನುತ್ತಿದ್ದಳು.

ಗಣಪತಿ, ಸರಸ್ವತಿಯರ ಸ್ತುತಿ ಮುಗಿದರೆ ಸಾಕು, ರಾಮ ರಾವಣರು ಬರುವುದಕ್ಕೆ ಮೊದಲೇ ಈ ಗಂಡಹೆಂಡಿರ ಜಗಳ. ಅವನು ಕರ್ರಗೆ, ಜುಟ್ಟು ಬಿಟ್ಟುಕೊಂಡು, ಕೈಕಾಲು ಎಲ್ಲೆಲ್ಲಿಗೋ ಆಡಿಸುತ್ತ ಬರುತ್ತಿದ್ದ. ಬಂದವನೇ ಹಿಟ್ಟು ಕೇಳುತ್ತಿದ್ದ. "ರಾಗಿ ತಂದು ಹಾಕಿದ್ದೀಯೇನೋ, ಹಿಟ್ಟು ಕೇಳಕ್ಕೆ ಬಂದವ್ನೆ" ಎಂದು ಬಂಗಾರಕ್ಕ ಶುರುಮಾಡಿದರೆ, ಅತ್ತೆ, ಮೈದುನ, ಊರ ಗೌಡ, ಶ್ಯಾನುಭೋಗ ಯಾರನ್ನೂ ಬಿಡುತ್ತಿರಲಿಲ್ಲ. ಮಾತು ಪೋಲಿಯ ಕಡೆ ಹೋದಾಗ ಅಜ್ಜಿ ನನ್ನ ತಲೆಯ ಮೇಲೆ ಸೆರಗು ಎಳೆದು "ಮಲಕ್ಕೋ" ಎನ್ನುವಳು, ತಾನು ಮಾತ್ರ ಅಲ್ಲಾಡುತ್ತಿರಲಿಲ್ಲ. ಮನೆಯಲ್ಲಿ ಅಪ್ಪನೆದುರು ಜೋರಾಗಿ ಉಸಿರೂ ಬಿಡದ ಅಮ್ಮ, ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಾರದೆ ನಕ್ಕದ್ದನ್ನು ನಾನು ಕೇಳಿದ್ದು ಆ ಕಣದಲ್ಲೇ. ಬೆಳಗಾಗುವವರೆಗೆ ಆಟ. ಮಾರನೇ ದಿನ ಮನೆಮನೆಯಿಂದ ರಾಗಿ, ಎರಡು ಗಿಟಕು ಕೊಬ್ಬರಿ, ಹಳೇ ಸೀರೆ ಕೊಟ್ಟು ಕಳಿಸುತ್ತಿದ್ದರು.

ಆಗ ತಿಳಿಯದೆ ಹೋದ ಒಂದು ಸಂಗತಿ ಈಗ ದೊಡ್ಡದಾಗಿ ಕಾಣುತ್ತದೆ. ಬಂಗಾರಕ್ಕನ ಮಾತು ನಿಜವಾದ ಹೆಂಗಸಿನ ಬಾಯಿಂದ ಬರುತ್ತಿತ್ತು. ತೊಗಲುಗೊಂಬೆಯಲ್ಲಿ ಗೊಂಬೆ ಆಡಿಸುವವರು ಹೆಚ್ಚಾಗಿ ಗಂಡಸರು. ಸೀತೆ, ದ್ರೌಪದಿ, ಮಂಡೋದರಿಯರ ಮಾತು ಮತ್ತು ಹಾಡು ಪರದೆಯ ಹಿಂದೆ ಕೂತ ಅವರ ಮನೆಯ ಹೆಂಗಸರದು. ಅದೇ ಕಣದಲ್ಲಿ ಮೂಡಲಪಾಯ ಬಯಲಾಟವಾದರೆ ಸೀತೆಯೆಂದರೆ ಮೀಸೆ ಬೋಳಿಸಿಕೊಂಡ ಯಾರೋ ಒಬ್ಬ ಅಣ್ಣ! ಹೆಂಗಸರ ಮಾತನ್ನು ಹೆಂಗಸರೇ ಆಡಿದ್ದು, ನಮ್ಮ ಸೀಮೆಯಲ್ಲಿ ಊರೂರು ಅಲೆಯುವ ಈ ಬಡವರ ಆಟದಲ್ಲಿ.

ಆಟ ಹಳೆಯದು. 13ನೇ ಶತಮಾನದ ತೆಲುಗು ಕವಿ ಪಾಲ್ಕುರಿಕೆ ಸೋಮನಾಥ 'ಪಂಡಿತಾರಾಧ್ಯ ಚರಿತ್ರೆ'ಯಲ್ಲಿ ಶ್ರೀಶೈಲದ ಆಟಪಾಟಗಳನ್ನು ಹೇಳುವಾಗ ಗೊಂಬೆಯಾಟವನ್ನೂ ಹೇಳಿದ್ದಾನೆ. ಆಂಧ್ರದ ತೋಲುಬೊಮ್ಮಲಾಟದಲ್ಲಿಯೂ ಬಂಗಾರಕ್ಕ ಅದೇ ಹೆಸರಿನಲ್ಲಿ ಇದ್ದಾಳೆ, ಕೇತಿಗಾಡು ಎಂಬವನ ಜೊತೆ. ತುರ್ಕಿಯವರಿಗೆ ಕರಗೋಜ್, ಜಾವಾದವರಿಗೆ ಸೆಮಾರ್, ಇಂಗ್ಲಿಷರಿಗೆ ಪಂಚ್. ದೊಡ್ಡವರ ಎದುರು ಬಾಯಿ ಬಿಡಲಾಗದ ಜನಕ್ಕೆ ಎಲ್ಲ ಕಡೆಯೂ ಇಂಥ ಒಂದು ಗೊಂಬೆ ಬೇಕಾಗಿರಬೇಕು. ನಮ್ಮ ಗೊಂಬೆಗಳಲ್ಲಿ ಅಂತಸ್ತಿಗೆ ತಕ್ಕ ಅಳತೆಯೂ ಉಂಟು. ರಾಜನೂ ದೇವರೂ ದೊಡ್ಡ ಗೊಂಬೆ, ಸಾಮಾನ್ಯರು ಚಿಕ್ಕವು. ಆಡಿನ ಚರ್ಮವನ್ನು ಹದಮಾಡಿ, ಹೆರೆದು, ಬೆಳಕು ಹಾಯುವಷ್ಟು ತೆಳುಮಾಡಿ, ಚಿತ್ರ ಬರೆದು, ಉಳಿಯಿಂದ ತೂತು ಕೊರೆದು ಬಣ್ಣ ಹಾಕುತ್ತಾರೆ. ಹರಿದ ಗೊಂಬೆಯನ್ನು ಬಿಸಾಡುವಂತಿಲ್ಲ, ನೀರಿಗೆ ಬಿಡಬೇಕು. ಹಾಗೆ ಎಷ್ಟು ಗೊಂಬೆ ಹೊಳೆ ಕೆರೆಗಳ ಪಾಲಾದವೋ! ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರು ಸಂಗ್ರಹಿಸಿಟ್ಟದ್ದನ್ನು ನೋಡಿದರೆ, ಕಳೆದದ್ದು ಎಷ್ಟಿರಬಹುದೆಂದು ಅಂದಾಜಾಗುತ್ತದೆ.

1987ರ ಜನವರಿ 25ರಂದು ದೂರದರ್ಶನದಲ್ಲಿ ರಾಮಾಯಣ ಶುರುವಾಯಿತು. ನಮ್ಮೂರಿನಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಆ ಹಜಾರ ತುಂಬಿ ಜಗಲಿಯವರೆಗೆ ಜನ. ಸೀತೆ ಚೆನ್ನಾಗಿದ್ದಳು, ರಾಮನೂ ಚೆನ್ನಾಗಿದ್ದ. ಬಂಗಾರಕ್ಕ ಮಾತ್ರ ಇರಲಿಲ್ಲ. ನನ್ನಜ್ಜಿ ಎರಡು ವಾರ ನೋಡಿ, "ಇದರಲ್ಲಿ ಯಾರೂ ಜಗಳ ಆಡಲ್ಲವಲ್ಲೇ" ಎಂದು ಎದ್ದುಹೋದಳು.

ಡಿಂಕುವಿನ ಬಗೆಗೆ ನನಗೆ ಅಸಡ್ಡೆಯಿಲ್ಲ. ತುಟಿ ಅಲುಗಿಸದೆ ಗೊಂಬೆಯನ್ನು ಮಾತಾಡಿಸುವುದು ಎಷ್ಟು ಕಷ್ಟವೆಂದು ಕನ್ನಡ ವ್ಯಾಕರಣ ಪಾಠಮಾಡುವವರಿಗೆ ಗೊತ್ತು. ಪ, ಬ, ಮ ಇವು ತುಟಿ ಕೂಡಿಸದೆ ಹುಟ್ಟುವುದೇ ಇಲ್ಲ. ಹಾಗಾಗಿ ಈ ಕಲೆಯವರು ಆ ಜಾಗದಲ್ಲಿ ತ, ದ, ನಗಳಿಗೆ ಹತ್ತಿರದ ದನಿ ಹೊರಡಿಸಿ ನಮ್ಮ ಕಿವಿಯನ್ನು ನಂಬಿಸುತ್ತಾರೆ. ಒಮ್ಮೆ ಕನ್ನಡಿ ಮುಂದೆ ನಿಂತು ತುಟಿ ಮುಚ್ಚದೆ 'ಅಮ್ಮ' ಎಂದು ನೋಡಿ. ಹಾಗಿರುವಾಗ ಹೆಂಗಸೊಬ್ಬರು ವೇದಿಕೆಯ ಮೇಲೆ ಎಲ್ಲರೆದುರು ಕೂತು, ಗೊಂಬೆಯ ಬಾಯಿಂದ ಬೇಕಾದ್ದನ್ನು ಆಡಿಸುವುದು ಸಣ್ಣ ಮಾತಲ್ಲ. ಬಂಗಾರಕ್ಕನಿಗೆ ದನಿ ಕೊಟ್ಟವಳು ಪರದೆಯ ಹಿಂದಿದ್ದಳು, ಅವಳ ಮುಖವನ್ನು ನಾವು ನೋಡಲೇ ಇಲ್ಲ.

ಆದರೆ ಅಂಥ ಒಬ್ಬಾಕೆಯನ್ನು ನಾನು ಆಮೇಲೆ ನೋಡಿದೆ. ಚಿಕ್ಕನಾಯಕನಹಳ್ಳಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾಗ ಐದನೇ ಕ್ಲಾಸಿಗೆ ಒಬ್ಬ ಹುಡುಗ ಸೇರಿದ. ಮನೆಯವರು ಕೆರೆಯಲ್ಲಿ ಮೀನು ಹಿಡಿಯುವವರು. ಜಾತಿಯ ಕಾಲಂನಲ್ಲಿ ಸಿಳ್ಳೇಕ್ಯಾತ ಎಂದಿತ್ತು. ಅದು ಹೇಗೆ ಹೊರಬಿತ್ತೋ, ವಾರದೊಳಗೆ ಮಿಕ್ಕ ಹುಡುಗರು "ಕಿಳ್ಳೇಕ್ಯಾತ, ಕಿಳ್ಳೇಕ್ಯಾತ" ಎಂದು ಕೂಗಲು ತೊಡಗಿ, ಹುಡುಗ ಶಾಲೆಗೆ ಬರುವುದನ್ನೇ ಬಿಟ್ಟ. ನಮ್ಮ ಕಡೆ ಮನೆಯಲ್ಲಿ ಮಕ್ಕಳನ್ನು ಬಯ್ಯುವುದಕ್ಕೂ ಅದೇ ಪದ ತಾನೇ? ಒಂದು ಬೆಳಿಗ್ಗೆ ಅವನ ಅಜ್ಜಿ ಅವನ ಕೈ ಹಿಡಿದು ಎಳೆದುಕೊಂಡೇ ಬಂದರು. ನಾನು ಸಮಾಧಾನ ಹೇಳಲು ಹೊರಟರೆ ಅವರು ನೇರ ಕ್ಲಾಸಿನೊಳಗೆ ಹೋಗಿ ನಿಂತು, "ಯಾರ್ರಪ್ಪಾ ಕಿಳ್ಳೇಕ್ಯಾತನ್ನ ಕರೆದೋರು? ಅವನಿಲ್ಲ, ಅವನ ಹೆಂಡ್ತಿ ಬಂದವ್ಳೆ" ಎಂದರು. ಆಮೇಲೆ ಬಂದದ್ದು ನಮ್ಮೂರ ಕಣದ ಅದೇ ದನಿ. ಕಾಲು ಗಂಟೆ ಮಕ್ಕಳು ಬಿದ್ದೂ ಬಿದ್ದೂ ನಕ್ಕರು. ಪೋಲಿ ಮಾತುಗಳನ್ನು ಜಾಣತನದಿಂದ ಹಾರಿಸಿಬಿಟ್ಟರು. ಕೊನೆಗೆ ಮಂಡೋದರಿಯ ಅಳುವಿನ ಹಾಡನ್ನು ಎತ್ತಿ, ಅರ್ಧಕ್ಕೇ ನಿಲ್ಲಿಸಿದರು. ಗೊಂಬೆಗಳೇನಾದವು ಎಂದು ಕೇಳಿದೆ. "ಆಟಕ್ಕೆ ಕರೆಯೋರಿಲ್ಲ, ಪೆಟ್ಟಿಗೇಲಿ ಇಲಿ ತಿಂದವು. ಕೆರೆಗೆ ಬಿಟ್ಟೋ ತಾಯಿ" ಎಂದರು. ಹುಡುಗ ಏಳನೇ ಕ್ಲಾಸು ಮುಗಿಸಿಯೇ ಹೋದ.

2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಪೇಪರಿನ ಫೋಟೋವನ್ನು ಕ್ಲಾಸಿಗೆ ಒಯ್ದು ತೋರಿಸಿದೆ. ಹೆಸರಿನ ಕೊನೆಯ ಪದವನ್ನು ಒಬ್ಬ ಹುಡುಗ ಜೋರಾಗಿ ಓದಿದ. ಯಾರೂ ನಗಲಿಲ್ಲ.

ಈ ವರ್ಷ ವಾರ್ಷಿಕೋತ್ಸವಕ್ಕೆ ಮಕ್ಕಳು ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ ಗೊಂಬೆ ಕತ್ತರಿಸುತ್ತಿದ್ದಾರೆ. ಪರದೆಗೆ ನಮ್ಮಮ್ಮನ ಬಿಳೀ ಸೀರೆ ಕೊಟ್ಟಿದ್ದೇನೆ. ಬಂಗಾರಕ್ಕನ ಮಾತಾಡಲು ಒಂಬತ್ತು ಹುಡುಗಿಯರು ನಾ ಮುಂದು ತಾ ಮುಂದು ಎನ್ನುತ್ತಿದ್ದಾರೆ. ಕಿಳ್ಳೇಕ್ಯಾತನ ದನಿಗೆ ಗಂಡುಹುಡುಗರು ಯಾರೂ ಒಪ್ಪದ್ದರಿಂದ ಅದನ್ನೂ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತೆಗೆದುಕೊಂಡಿದ್ದಾಳೆ. ಹಿಟ್ಟು ಕೇಳುವ ಮಾತನ್ನು ಅವಳು ಈಗಾಗಲೇ ಬದಲಾಯಿಸಿದ್ದಾಳೆ. ಅವಳ ಕಿಳ್ಳೇಕ್ಯಾತ ನೂಡಲ್ಸ್ ಕೇಳುತ್ತಾನೆ.